ಕೆಡವಿದ ಮನೆಯ ಕಲ್ಲುಮಣ್ಣು

ಬೆಂಗಳೂರಿನಲ್ಲಿ ಗಾಜಿನ ಕಚೇರಿ ಕಟ್ಟಿಸುವ ಧಣಿಗಳಿಗೆ ಈಗ ‘ಹಸಿರು ಕಟ್ಟಡ’ವೆಂಬ ಪ್ರಮಾಣಪತ್ರ ಬೇಕಾಗಿದೆ. 2001ರಲ್ಲಿ ಹುಟ್ಟಿದ ಭಾರತೀಯ ಹಸಿರು ಕಟ್ಟಡ ಮಂಡಳಿಯಾಗಲಿ, ‘ಗೃಹ’ ಎಂಬ ಇನ್ನೊಂದು ಪದ್ಧತಿಯಾಗಲಿ, ಕೆಡವಿದ ಇಟ್ಟಿಗೆ, ಕಾಂಕ್ರೀಟು, ಕಬ್ಬಿಣಗಳನ್ನು ತಿಪ್ಪೆಗೆ ಸುರಿಯದೆ ಮರಳಿ ಬಳಸಿದವರಿಗೆ ಅಂಕ ಕೊಡುತ್ತವೆ. ಇದನ್ನು ನಾವು ಕೆಟ್ಟದ್ದೆನ್ನುವುದಿಲ್ಲ. ಆದರೆ ರೋಣ, ನರಗುಂದ, ಗಜೇಂದ್ರಗಡಗಳ ಬಡವರು ಯಾವ ಪ್ರಮಾಣಪತ್ರವೂ ಇಲ್ಲದೆ ಈ ಕೆಲಸ ಮಾಡುತ್ತ ಬಂದವರು.

ನಮ್ಮ ಕಡೆ ಹಳೆಯ ಮನೆಯನ್ನು ಒಡೆಯುವುದಿಲ್ಲ, ಬಿಚ್ಚುತ್ತಾರೆ. ತೊಲೆ, ಜಂತಿ, ಕಂಬ, ಬಾಗಿಲ ಚೌಕಟ್ಟು ಎಲ್ಲಕ್ಕೂ ಗಿರಾಕಿಯುಂಟು. ಗೋಡೆಯ ಕಲ್ಲು ಹೊಸ ಬುನಾದಿಗೆ ಇಳಿಯುತ್ತದೆ. ಹಾಳುಮಣ್ಣು ಹೊಲ ಸೇರುತ್ತದೆ. 2009ರ ಮಲಪ್ರಭೆಯ ಮಹಾಪೂರದಲ್ಲಿ ಬಿದ್ದ ಮಣ್ಣಿನ ಗೋಡೆ ಮಣ್ಣಿಗೇ ಕೂಡಿತು. ಸಿಮೆಂಟಿನ ಮನೆ ಹಾಗೆ ಕರಗುವುದಿಲ್ಲ. ಅದು ಟ್ರ್ಯಾಕ್ಟರಿನಲ್ಲಿ ಹಳ್ಳಕ್ಕೆ ಹೋದರೆ ಹಳ್ಳ ಕಿರಿದಾಗಿ, ಮುಂದಿನ ಮಳೆಗೆ ನೀರು ತಗ್ಗಿನ ಓಣಿಗೆ ನುಗ್ಗುತ್ತದೆ. ಆ ಓಣಿಯಲ್ಲಿ ಇರುವವರು ಯಾರೆಂಬುದನ್ನು ಹೇಳಬೇಕೆ?

ಕಾಯದೆಯ ಕೊರತೆಯೇನೂ ಇಲ್ಲ. 2016ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮಗಳು 5 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೂ 3 ವರ್ಷಗಳ ಗಡುವು ಕೊಟ್ಟಿದ್ದವು. ಸರಕಾರಿ ಗುತ್ತಿಗೆಗಳಲ್ಲಿ ನೂರಕ್ಕೆ 10ರಿಂದ 20ರಷ್ಟು ಇಂಥ ಮರುಬಳಕೆಯ ಸಾಮಾನು ಇರಬೇಕೆಂದೂ ಹೇಳಿದ್ದವು. ಗಡುವು 2019ಕ್ಕೇ ತೀರಿತು. 2025ರ ಹೊಸ ನಿಯಮಗಳು 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡಗಳ ಒಡೆಯರ ಮೇಲೆ ಹೊಣೆ ಹೊರಿಸಿವೆ. ಒಳ್ಳೆಯದೇ. ಆದರೆ ನಮ್ಮ ಪೇಟೆಯಲ್ಲಿ ಕಿರಾಣಿ ಅಂಗಡಿ ಕೆಡವಿ ಕಟ್ಟುವವನು ಆ ಲೆಕ್ಕಕ್ಕೆ ಬರುವವನಲ್ಲ. ಅವನಿಗೆ ಬೇಕಾದದ್ದು ಒಂದೇ: ಈ ಕಲ್ಲುಮಣ್ಣು ಎಲ್ಲಿ ಹಾಕಲಿ?

ಇದಕ್ಕೆ ದೊಡ್ಡ ಕಾರ್ಖಾನೆಯೇ ಬೇಕೆಂದಿಲ್ಲ. ಮೂರು ಪುರಸಭೆಗಳು ಕೂಡಿ ಸಾಗಿಸಬಹುದಾದ ಒಂದು ಕ್ರಷರ್ ಇಟ್ಟುಕೊಂಡು ಸರದಿಯಂತೆ ನಡೆಸಬಹುದು. 2016ರಲ್ಲಿ ಪರಿಷ್ಕೃತವಾದ ಐಎಸ್ 383 ಮಾನದಂಡ, ಒಡೆದ ಕಾಂಕ್ರೀಟಿನ ಖಡಿಯನ್ನು ಬುನಾದಿಯ ಕೆಳಗಿನ ತೆಳು ಕಾಂಕ್ರೀಟಿಗೆ ಪೂರ್ತಿಯಾಗಿ, ಕಬ್ಬಿಣ ಹಾಕಿದ ಸಾಧಾರಣ ಕಾಂಕ್ರೀಟಿಗೆ ನೂರಕ್ಕೆ 20ರವರೆಗೆ ಬಳಸಲು ಒಪ್ಪಿದೆ. ಗಟಾರ, ಓಣಿಯ ರಸ್ತೆಗಳಿಗೆ ಇದು ಸಾಲದೆ? ಇಲ್ಲಿ ಉಳಿದ ಪ್ರತಿಯೊಂದು ಟ್ರ್ಯಾಕ್ಟರ್ ಖಡಿಯೂ ಗುಡ್ಡದಲ್ಲಿ ಒಡೆಯದೆ ಉಳಿದ ಕಲ್ಲು.

ಆದರೆ ಕ್ರಷರಿನ ಬಾಯಿಗೆ ಕಲ್ಲು ಹಾಕುವವರ ಮಾತು ಯಾವ ಪ್ರಮಾಣಪತ್ರದಲ್ಲಿ ಮುಂದೆ ಬರುತ್ತದೆ? ಒಣ ಧೂಳಿನಲ್ಲಿ ದುಡಿದವರ ಪುಪ್ಪುಸಕ್ಕೆ ಸಿಲಿಕೋಸಿಸ್ ಅಂಟಿದರೆ ಅದು ಬಿಡುವುದಿಲ್ಲ. ನೀರು ಚಿಮುಕಿಸಿಯೇ ಒಡೆಯಬೇಕು, ಮುಖಕವಚ ಕೊಡಬೇಕು, ಕೂಲಿಯವರೆಲ್ಲರ ಹೆಸರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಕಟ್ಟಡದ ವೆಚ್ಚದ ಮೇಲೆ ನೂರಕ್ಕೆ 1ರ ಸೆಸ್ಸು ವಸೂಲಾಗುವುದು ಇವರಿಗಾಗಿಯೇ ತಾನೆ.

ಇನ್ನು ಶುಲ್ಕ. ಸೌಕರ್ಯಕ್ಕೆ ಮುಂಚೆ ವಸೂಲಿ ಬಂದರೆ ಈ ನೆಲದ ಜನ ಏನು ಮಾಡುತ್ತಾರೆಂಬುದನ್ನು ನರಗುಂದ 1980ರ ಜುಲೈ 21ರಂದೇ ತೋರಿಸಿದೆ. ಮೊದಲು ಜಾಗ, ಆಮೇಲೆ ದರ. ಒಂದೆರಡು ಟ್ರ್ಯಾಕ್ಟರ್ ತರುವ ಬಡವರಿಗೆ ದರವೇ ಬೇಡ. ಮಳೆಗಾಲಕ್ಕೆ ಮುಂಚೆ ಮೂರೂ ಪುರಸಭೆಗಳು ಆ ಜಾಗದ ಸರ್ವೆ ನಂಬರನ್ನು ಕಚೇರಿಯ ಬಾಗಿಲಿಗೆ ಬರೆದು ಹಚ್ಚಲಿ.