ಗಿಟಾರಿನ 138 ಜಾಗಗಳು ಮತ್ತು ಒಂದು ಮಗ್ಗಿಯ ಕಥೆ

ಈ ಸಂಚಿಕೆಯಲ್ಲಿ ಅತಿಥಿಗಳಿಲ್ಲ, ನಾನೊಬ್ಬನೇ. ವಿಜ್ಞಾನದ ಜೊತೆಗೆ ನನ್ನ ಅಭಿಪ್ರಾಯವೂ ಧಾರಾಳವಾಗಿ ಇರುತ್ತೆ, ಅದನ್ನ ಮೊದಲೇ ಹೇಳಿಬಿಡ್ತೀನಿ.

ತಂತಿವಾದ್ಯಗಳ ಬಗ್ಗೆ ಮಾತಾಡಿದ ಮೇಲೆ ಬಂದ ಪತ್ರಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ಊರುಗಳಿಂದ ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಬಂದಿತ್ತು. ಗಿಟಾರ್ ಕಲಿಯೋಕೆ ಶುರು ಮಾಡಿ ನಾಲ್ಕೈದು ವರ್ಷ ಆಗಿದೆ, ಸ್ಕೇಲ್‌ಗಳೆಲ್ಲ ಬೆರಳಿಗೆ ಬಾಯಿಪಾಠ, ಆದರೆ ಜ್ಯಾಝ್ ನುಡಿಸೋರ ಜೊತೆ ಕೂತು ನಮ್ಮ ಸರದಿ ಬಂದಾಗ ಏನೂ ಹೊಳೆಯೋದಿಲ್ಲ, ಮೇಲೆ ಕೆಳಗೆ ಸ್ಕೇಲ್ ಓಡಿಸಿ ಬೆವರು ಒರೆಸಿಕೊಳ್ತೀವಿ, ಯಾಕೆ? ಬರೆದವರಲ್ಲಿ ಬಹುಪಾಲು ನಲವತ್ತರ ಆಸುಪಾಸಿನವರು. ಕೆಲಸ, ಮಕ್ಕಳ ಹೋಮ್‌ವರ್ಕ್, ಪಾತ್ರೆ ಎಲ್ಲ ಮುಗಿದ ಮೇಲೆ ದಿನಕ್ಕೆ ಅರ್ಧ ಗಂಟೆ ಸಿಕ್ಕರೆ ಅದೃಷ್ಟ. ಆ ಅರ್ಧ ಗಂಟೆ ಹೇಗೆ ಖರ್ಚಾಗುತ್ತೆ ಅನ್ನೋದೇ ನನ್ನ ತಕರಾರು. ನನ್ನ ಪ್ರಕಾರ ಚುಕ್ಕಿಗಳ ಚಿತ್ರ ನೋಡಿ ಫ್ರೆಟ್‌ಬೋರ್ಡ್ ಕಲಿಯೋದು ಜ್ಯಾಝ್ ಮಟ್ಟಿಗೆ ಅತಿ ದುಬಾರಿಯಾದ ಅಡ್ಡದಾರಿ.

ಮೊದಲು ವಾದ್ಯವನ್ನೇ ನೋಡೋಣ. 22 ಫ್ರೆಟ್ ಇರೋ ಮಾಮೂಲಿ ಎಲೆಕ್ಟ್ರಿಕ್ ಗಿಟಾರ್ ತಗೊಳ್ಳಿ. ಆರು ತಂತಿ, ಪ್ರತಿ ತಂತಿಯಲ್ಲೂ 22 ಫ್ರೆಟ್, ಜೊತೆಗೆ ಖಾಲಿ ತಂತಿ ಆರು. ಒಟ್ಟು 138 ಜಾಗ. ಆದರೆ ಅವುಗಳಿಂದ ಹೊರಡೋ ಬೇರೆ ಬೇರೆ ಸ್ವರಗಳು 47 ಮಾತ್ರ. ಪಿಯಾನೊದಲ್ಲಿ ಒಂದು ಸ್ವರಕ್ಕೆ ಒಂದೇ ಕೀಲಿ, ತಪ್ಪಿಸಿಕೊಳ್ಳೋ ಹಾಗೇ ಇಲ್ಲ. ಗಿಟಾರಿನಲ್ಲಿ ಮೊದಲನೇ ತಂತಿಯನ್ನ ಖಾಲಿ ಮೀಟಿದರೆ ಬರೋ ಇ ಸ್ವರ, ಅಂದರೆ ಸುಮಾರು 330 ಹರ್ಟ್ಸ್, ಎರಡನೇ ತಂತಿಯ 5ನೇ ಫ್ರೆಟ್‌ನಲ್ಲೂ ಇದೆ, ಮೂರನೆಯದರ 9ರಲ್ಲಿ, ನಾಲ್ಕನೆಯದರ 14ರಲ್ಲಿ, ಐದನೆಯದರ 19ರಲ್ಲಿ ಕೂಡ ಇದೆ. ಒಬ್ಬನೇ ಮನುಷ್ಯನಿಗೆ ಐದು ವಿಳಾಸ.

ಇದರ ಮೇಲೆ ಶ್ರುತಿಯಲ್ಲೊಂದು ಸೊಟ್ಟ. ದಪ್ಪ ತಂತಿಯಿಂದ ಶುರುಮಾಡಿದರೆ ಒಂದೊಂದು ತಂತಿಗೂ ಮುಂದಿನದಕ್ಕೂ ನಡುವೆ ಐದು ಅರ್ಧಸ್ವರಗಳ ಅಂತರ. ಮೂರನೇ ಮತ್ತು ಎರಡನೇ ತಂತಿಯ ನಡುವೆ ಮಾತ್ರ ನಾಲ್ಕು. ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛ, ಸುಲಭವಾಗಿ ಕೈಗೆ ಸಿಗಲಿ ಅಂತ ಮಾಡಿಕೊಂಡ ಹೊಂದಾಣಿಕೆ ಇದು. ಅದರಿಂದ ಏನಾಗುತ್ತೆ ಅಂದ್ರೆ, ಕೆಳಗಿನ ತಂತಿಗಳಲ್ಲಿ ಕಲಿತ ಆಕಾರವನ್ನ ಮೇಲಕ್ಕೆ ಒಯ್ದಾಗ ಆ ಸಂದಿಯಲ್ಲಿ ಒಂದು ಫ್ರೆಟ್ ಜರುಗಿಬಿಡುತ್ತೆ. ಸ್ಟ್ಯಾನ್ಲಿ ಜೋರ್ಡನ್ ಈ ಸೊಟ್ಟವೇ ಬೇಡ ಅಂತ ಎಲ್ಲ ತಂತಿಗಳನ್ನೂ ಸಮ ಅಂತರಕ್ಕೆ ಶ್ರುತಿ ಮಾಡಿಕೊಂಡು ನುಡಿಸ್ತಾರೆ. ಉಳಿದವರು ಸಹಿಸಿಕೊಂಡು ಹೋಗ್ತೀವಿ.

ಇಷ್ಟು ಗೋಜಲು ಇರೋವಾಗ ಕಲಿಸೋರು ಚಿತ್ರ ಬರೆದುಕೊಟ್ಟರು, ತಪ್ಪೇನಲ್ಲ. ಫ್ರೆಟ್‌ಬೋರ್ಡ್ ಅನ್ನ ಐದು ಚೌಕಗಳಾಗಿ ಹೋಳು ಮಾಡಿ, ಬಣ್ಣದ ಚುಕ್ಕಿ ಇಟ್ಟು, ಇಲ್ಲಿಂದ ಇಲ್ಲಿಗೆ ಬೆರಳು ಓಡಿಸಿ ಅಂದರು. ಕೆಲವು ತಿಂಗಳಲ್ಲಿ ಕೈ ಓಡುತ್ತೆ. ಕೇಳೋಕೂ ಸಂಗೀತದ ಹಾಗೇ ಇರುತ್ತೆ. ಆದರೆ ಹೀಗೆ ಕಲಿತವರನ್ನ ನಿಲ್ಲಿಸಿ, "ನಾಲ್ಕನೇ ತಂತಿಯಲ್ಲಿ ಎಫ್ ಎಲ್ಲಿದೆ?" ಅಂತ ಕೇಳಿ ನೋಡಿ. ಕಣ್ಣು ಮೇಲಕ್ಕೆ ಹೋಗುತ್ತೆ, ಬೆರಳು ಚೌಕದ ಮೊದಲ ಚುಕ್ಕಿಗೆ ಹೋಗುತ್ತೆ, ಅಲ್ಲಿಂದ ಎಣಿಸಿಕೊಂಡು ಬರುತ್ತೆ.

ನಮ್ಮ ಪ್ರೈಮರಿ ಸ್ಕೂಲಿನಲ್ಲಿ ಇಂಥ ಹುಡುಗರನ್ನ ಎಲ್ಲರೂ ನೋಡಿದ್ದೀವಿ. ಏಳೆಂಟ್ಲ ಎಷ್ಟೋ ಅಂದ್ರೆ, ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು ಅಂತ ಬುಡದಿಂದ ಓಡಿಕೊಂಡು ಬರಬೇಕು. ಮಗ್ಗಿ ಬರುತ್ತೆ, ಸುಳ್ಳಲ್ಲ. ಆದರೆ ಅಂಗಡಿಯಲ್ಲಿ ಚಿಲ್ಲರೆ ಎಣಿಸೋ ಹೊತ್ತಿಗೆ ಆ ಮಗ್ಗಿ ಕೈಗೆ ಬರೋಲ್ಲ. ಸಾಲಾಗಿ ನೆನಪಿರೋದು ಬೇರೆ, ಬೇಕಾದ್ದನ್ನ ನಡುವಿನಿಂದ ಎತ್ತಿಕೊಳ್ಳೋದು ಬೇರೆ. ಚೌಕಗಳು ಕೊಡೋದು ಮೊದಲನೆಯದನ್ನ, ಜ್ಯಾಝ್ ಕೇಳೋದು ಎರಡನೆಯದನ್ನ.

ಯಾಕೆ ಅಷ್ಟು ಕಟ್ಟುನಿಟ್ಟು ಅಂದರೆ, ಸಮಯ ಇಲ್ಲ. ಸ್ವಲ್ಪ ಚುರುಕಾದ ಹಾಡು ನಿಮಿಷಕ್ಕೆ 200 ಬೀಟ್‌ಗಳಲ್ಲಿ ಹೋಗುತ್ತೆ ಅಂದುಕೊಳ್ಳಿ. ಒಂದು ಬೀಟ್ 0.3 ಸೆಕೆಂಡ್, ನಾಲ್ಕು ಬೀಟಿನ ಒಂದು ಆವರ್ತ 1.2 ಸೆಕೆಂಡ್. ಎಷ್ಟೋ ಹಾಡುಗಳಲ್ಲಿ ಪ್ರತಿ ಆವರ್ತಕ್ಕೂ ಕಾರ್ಡ್ ಬದಲಾಗುತ್ತೆ. ದೀಪ ಹೊತ್ತಿದ ತಕ್ಷಣ ಗುಂಡಿ ಒತ್ತಿ ಅಂದರೇ ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಏಳೊಂದ್ಲ ಏಳರಿಂದ ಶುರು ಮಾಡೋಕೆ ಎಲ್ಲಿದೆ ಜಾಗ?

ಹಾಗಾದರೆ ಏನನ್ನ ಎತ್ತಿಕೊಳ್ಳಬೇಕು? ಗಿಟಾರ್ ಪಕ್ಕದಲ್ಲಿದ್ದರೆ ತಗೊಳ್ಳಿ, ಎರಡೇ ತಂತಿ ಸಾಕು. ನಾಲ್ಕನೇ ತಂತಿಯ 3ನೇ ಫ್ರೆಟ್ ಎಫ್, ಮೂರನೇ ತಂತಿಯ 5ನೇ ಫ್ರೆಟ್ ಸಿ. ಎರಡನ್ನೂ ಒಟ್ಟಿಗೆ ಮೀಟಿ. ಇದು ಡಿ ಮೈನರ್ ಸೆವೆನ್ ಕಾರ್ಡಿನ ತಿರುಳು. ಈಗ ಎಫ್ ಅನ್ನ ಅಲ್ಲೇ ಬಿಟ್ಟು, ಸಿ ಇದ್ದದ್ದನ್ನ ಒಂದು ಫ್ರೆಟ್ ಹಿಂದಕ್ಕೆ, ಬಿ ಸ್ವರಕ್ಕೆ ತನ್ನಿ. ಅದು ಜಿ ಸೆವೆನ್. ಈಗ ಬಿ ಅಲ್ಲೇ ಇರಲಿ, ಎಫ್ ಅನ್ನ ಒಂದು ಫ್ರೆಟ್ ಹಿಂದಕ್ಕೆ, ಇ ಸ್ವರಕ್ಕೆ ತನ್ನಿ. ಸಿ ಮೇಜರ್ ಸೆವೆನ್, ಮನೆ ಸೇರಿದ ಹಾಗೆ ಕೇಳಿಸುತ್ತೆ. ಎರಡು ಬೆರಳು, ಎರಡೇ ಚಲನೆ, ಅಷ್ಟರಲ್ಲಿ ಜ್ಯಾಝ್‌ನ ಅತಿ ಸಾಮಾನ್ಯವಾದ ಕಾರ್ಡ್ ಸಾಲು ಪೂರ್ತಿ ಕೇಳಿಸಿತು. ಬೇರು ಸ್ವರವನ್ನ ಬಾಸ್ ನುಡಿಸುವವರು ನೋಡಿಕೊಳ್ತಾರೆ. ಕಾರ್ಡಿನ ಸ್ವಭಾವ ಹೇಳೋದು ಅದರ ಮೂರನೇ ಮತ್ತು ಏಳನೇ ಸ್ವರಗಳು. ಸೋಲೊದಲ್ಲಿ ಈ ಸ್ವರಗಳನ್ನ ಸರಿಯಾದ ಹೊತ್ತಿಗೆ ಮುಟ್ಟಿದರೆ, ನಡುವೆ ಏನು ನುಡಿಸಿದರೂ ಕೇಳೋರಿಗೆ ದಾರಿ ಗೊತ್ತಾಗುತ್ತೆ. ಚೌಕದ ಚಿತ್ರ ಇದನ್ನ ಹೇಳೋದೇ ಇಲ್ಲ, ಯಾಕಂದ್ರೆ ಈ ಮೂರೂ ಕಾರ್ಡಿಗೆ ಅದರಲ್ಲಿ ಒಂದೇ ಸ್ಕೇಲ್, ಒಂದೇ ಚುಕ್ಕಿಗಳು!

ಇಲ್ಲಿ ಕರ್ನಾಟಕ ಸಂಗೀತ ಬಲ್ಲವರಿಗೆ ಒಂದು ಅನುಕೂಲ ಇದೆ. ಮೇಲಿನ ಎಫ್ ಅನ್ನೇ ನೋಡಿ. ಡಿ ಅನ್ನ ಸ ಅಂದುಕೊಂಡರೆ ಅದು ಸಾಧಾರಣ ಗಾಂಧಾರ. ಮುಂದಿನ ಆವರ್ತದಲ್ಲಿ ಜಿ ನಮ್ಮ ಸ ಆಯ್ತು, ಅದೇ ಎಫ್ ಈಗ ಕೈಶಿಕಿ ನಿಷಾದ. ಆಮೇಲೆ ಅದು ಇ ಸ್ವರಕ್ಕೆ ಇಳಿದಾಗ, ಸಿ ಎಂಬ ಸ ಮೇಲೆ ಅಂತರ ಗಾಂಧಾರ. ನಮ್ಮ ಕಚೇರಿಯಲ್ಲಿ ತಂಬೂರಿ ಕೊನೆ ತನಕ ಒಂದೇ ಸ ಹಿಡಿದು ಕೂತಿರುತ್ತೆ. ಜ್ಯಾಝ್‌ನಲ್ಲಿ ಸ ಅನ್ನೋದು ಆವರ್ತಕ್ಕೊಂದು ಮನೆ ಬದಲಾಯಿಸುತ್ತೆ. ಬೆರಳು ಅಲ್ಲೇ ಇದೆ, ಸ್ವರದ ಪಾತ್ರ ಬದಲಾಯಿತು. ಫ್ರೆಟ್‌ಬೋರ್ಡ್ ಗೊತ್ತು ಅಂತ ನಾನು ಕರೆಯೋದು ಇದನ್ನ: ಒಂದು ಸ್ವರದ ಹೆಸರು, ಅದರ ಜಾಗ, ಈ ಕ್ಷಣದಲ್ಲಿ ಅದು ಯಾವ ಪಾತ್ರದಲ್ಲಿದೆ, ಮೂರೂ ಒಟ್ಟಿಗೆ ಹೊಳೆಯೋದು.

ವೀಣೆ ಕಲಿಯೋ ಮಕ್ಕಳನ್ನ ಗಮನಿಸಿ. ಸರಳಿ ವರಸೆಯಲ್ಲೇ ಬಾಯಲ್ಲಿ ಸ್ವರ ಹೇಳಿಕೊಳ್ತಾ ಮೆಟ್ಟಿನ ಮೇಲೆ ಬೆರಳಿಡ್ತಾರೆ. ಅದೂ ಬಹುಪಾಲು ಒಂದೇ ತಂತಿಯ ಉದ್ದಕ್ಕೆ. ಬಾಸ್ಟನ್ನಿನ ಗಿಟಾರ್ ಮೇಷ್ಟ್ರು ಮಿಕ್ ಗುಡ್‌ರಿಕ್ 1987ರಲ್ಲಿ ಬರೆದ ದಿ ಅಡ್ವಾನ್ಸಿಂಗ್ ಗಿಟಾರಿಸ್ಟ್ ಪುಸ್ತಕದ ಶುರುವಿನಲ್ಲೇ ವಿದ್ಯಾರ್ಥಿಗಳಿಗೆ ಹೇಳೋದೂ ಅದನ್ನೇ, ಒಂದೇ ತಂತಿಯ ಮೇಲೆ ನುಡಿಸಿ ಅಂತ. ಒಂದು ತಂತಿಯಲ್ಲಿ ಚೌಕ ಇರೋದಿಲ್ಲ, ಬಚ್ಚಿಟ್ಟುಕೊಳ್ಳೋಕೆ ಆಕಾರ ಇರೋದಿಲ್ಲ. ಮುಂದಿನ ಸ್ವರ ಎಷ್ಟು ದೂರ ಅಂತ ಕಿವಿಯೇ ಹೇಳಬೇಕು. ಜ್ಯಾಂಗೋ ರೈನಾರ್ಟ್ ಇನ್ನೊಂದು ಸಾಕ್ಷಿ. 1928ರಲ್ಲಿ ಬೆಂಕಿ ಅನಾಹುತದಲ್ಲಿ ಎಡಗೈಯ ಕೊನೆಯ ಎರಡು ಬೆರಳು ನಿಷ್ಪ್ರಯೋಜಕವಾದವು. ಸೋಲೊ ನುಡಿಸೋಕೆ ಉಳಿದದ್ದು ಮುಖ್ಯವಾಗಿ ಎರಡು ಬೆರಳು. ನಾಲ್ಕು ಬೆರಳಿಗೆ ಹೊಲಿದ ಯಾವ ಚೌಕವೂ ಆತನಿಗೆ ಹೊಂದುತ್ತಿರಲಿಲ್ಲ. ಆಕಾರ ಕಳೆದುಕೊಂಡ, ಸಂಗೀತ ಕಳೆದುಕೊಳ್ಳಲಿಲ್ಲ.

ಈಗ ನೀವು ಕೇಳ್ತೀರಿ, ವೆಸ್ ಮಾಂಟ್ಗೋಮರಿಗೆ ಸಂಗೀತ ಲಿಪಿಯೇ ಓದೋಕೆ ಬರ್ತಿರಲಿಲ್ಲವಲ್ಲ, ಹೆಸರಿನ ಹಂಗು ಯಾಕೆ? ನಿಜ. ಇಂಡಿಯಾನಾಪೊಲಿಸ್‌ನ ಆ ಮಹಾನುಭಾವ ಚಾರ್ಲಿ ಕ್ರಿಶ್ಚಿಯನ್ ರೆಕಾರ್ಡುಗಳನ್ನ ಕೇಳಿ ಕೇಳಿ ಸೋಲೊಗಳನ್ನ ಕಿವಿಯಿಂದ ಎತ್ತಿಕೊಂಡವರು. ಜೋ ಪಾಸ್ ಅಂತೂ ಕಾರ್ಡ್ ಆಕಾರಗಳನ್ನ ಹಿಡಿದೇ ಯೋಚನೆ ಮಾಡ್ತಿದ್ದರು. ಆದರೆ ಇಬ್ಬರಲ್ಲೂ ಕಿವಿ ಮುಂದೆ, ಆಕಾರ ಹಿಂದೆ. ಚಾರ್ಲಿ ಕ್ರಿಶ್ಚಿಯನ್‌ನ ಒಂದು ಸೋಲೊ ಎತ್ತಿಕೊಳ್ಳುವಾಗ ಪ್ರತಿ ಸ್ವರಕ್ಕೂ ಜಾಗ ಹುಡುಕಲೇಬೇಕು, ಅದೂ ಕಾರ್ಡಿನ ಹಿನ್ನೆಲೆಯಲ್ಲಿ. ಆ ಹುಡುಕಾಟವೇ ಪಾಠ. ದಿನಕ್ಕೆ ಅರ್ಧ ಗಂಟೆ ಇರೋ ನಮಗೆ ಹೆಸರು ಅನ್ನೋದು ಆ ಹುಡುಕಾಟದಲ್ಲಿ ಹಿಡಿದುಕೊಳ್ಳೋಕೆ ಒಂದು ಹಗ್ಗ, ಅಷ್ಟೇ.

ಕಲಿಕೆಯ ವಿಜ್ಞಾನ ಇದಕ್ಕೆ ಬೆಂಬಲವಾಗಿಯೇ ಇದೆ ಅನ್ನೋದು ನನ್ನ ಓದು. 1979ರಲ್ಲಿ ಶೇ ಮತ್ತು ಮಾರ್ಗನ್ ಒಂದು ಪ್ರಯೋಗ ಮಾಡಿದರು. ಕೈಯಲ್ಲಿ ಟೆನಿಸ್ ಚೆಂಡು ಹಿಡಿದು ಪುಟ್ಟ ಮರದ ಹಲಗೆಗಳನ್ನ ಹೇಳಿದ ಕ್ರಮದಲ್ಲಿ ಬೀಳಿಸಬೇಕು, ಮೂರು ಥರದ ಕ್ರಮ. ಒಂದು ಗುಂಪು ಒಂದು ಕ್ರಮ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಯಿತು. ಇನ್ನೊಂದು ಗುಂಪಿಗೆ ಎಲ್ಲ ಕಲಸುಮೇಲೋಗರ. ಅಭ್ಯಾಸದ ಹೊತ್ತಿಗೆ ಮೊದಲ ಗುಂಪೇ ಚುರುಕು. ಆಮೇಲೆ ಪರೀಕ್ಷೆ ಮಾಡಿದಾಗ ಗೆದ್ದದ್ದು ಕಲಸುಮೇಲೋಗರದವರು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಓದಿನ ವಿಷಯದಲ್ಲಿ ಇಂಥದ್ದೇ ತೋರಿಸಿದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರು ಮುಂದೆ. ಒಂದು ವಾರದ ನಂತರ ಕೇಳಿದರೆ, ಪುಸ್ತಕ ಮುಚ್ಚಿ ನೆನಪಿಸಿಕೊಳ್ಳೋಕೆ ಒದ್ದಾಡಿದವರು ಮುಂದೆ. ಹಲಗೆ ಬೀಳಿಸೋದು ಗಿಟಾರ್ ಅಲ್ಲ, ಒಪ್ಪಿದೆ. ಆದರೆ ಪರದೆಯ ಮೇಲೆ ಹೊಳೆಯೋ ಚುಕ್ಕಿ ನೋಡಿ ಬೆರಳಿಡೋದು ಮತ್ತೆ ಓದೋದಕ್ಕೆ ಸಮ, ಅದೇ ಸ್ಕೇಲ್ ಇಪ್ಪತ್ತು ಸಲ ಓಡಿಸೋದು ಮೊದಲ ಗುಂಪಿನ ಅಭ್ಯಾಸಕ್ಕೆ ಸಮ. ಎರಡೂ ಆ ಹೊತ್ತಿಗೆ ಖುಷಿ ಕೊಡುತ್ತೆ, ಅದಕ್ಕೇ ಮೋಸ.

ಇನ್ನೊಂದು ಅಧ್ಯಯನವನ್ನ ಜನ ತಪ್ಪಾಗಿ ಬಳಸ್ತಾರೆ, ಅದನ್ನೂ ಹೇಳಿಬಿಡ್ತೀನಿ. 2008ರಲ್ಲಿ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರಾನ್ ಆರು ಮಂದಿ ಜ್ಯಾಝ್ ಪಿಯಾನೊ ವಾದಕರನ್ನ ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಪುಟ್ಟ ಕೀಬೋರ್ಡ್ ಕೊಟ್ಟು, ಮನೋಧರ್ಮದಿಂದ ನುಡಿಸಿ ಅಂದರು. ಆಗ ಮಿದುಳಿನ ಮುಂಭಾಗದಲ್ಲಿ ನಮ್ಮನ್ನ ನಾವೇ ತಿದ್ದಿಕೊಳ್ಳೋದಕ್ಕೆ ಸಂಬಂಧಪಟ್ಟ ಒಂದು ಪ್ರದೇಶದ ಚಟುವಟಿಕೆ ಇಳಿದಿತ್ತು. ನೋಡಿ, ಯೋಚನೆ ಬಿಟ್ಟು ಬೆರಳು ಹೋದ ಕಡೆ ಹೋಗಿ ಅಂತ ವಿಜ್ಞಾನವೇ ಹೇಳ್ತಿದೆ ಅಂತ ಕೆಲವರು ಹೇಳ್ತಾರೆ. ಅಲ್ಲಾರೀ, ಅವರು ವೃತ್ತಿಪರರು! ಉಗ್ರಾಣ ತುಂಬಿರೋರು ಬೀಗ ತೆಗೆದು ಬಿಡಬಹುದು. ಖಾಲಿ ಉಗ್ರಾಣದ ಬೀಗ ತೆಗೆದರೆ ಹೊರಗೆ ಬರೋದು ಚೌಕವೊಂದೇ.

ಅರ್ಧ ಗಂಟೆಗೆ ನಾನು ಹೇಳೋದು ಇಷ್ಟು. ಹನ್ನೆರಡು ಸ್ವರಗಳ ಹೆಸರು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ. ಒಂದು ಎತ್ತಿ, ಮೆಟ್ರೊನೋಮ್ 60ಕ್ಕೆ ಇಟ್ಟು, ಆ ಸ್ವರವನ್ನ ಆರು ತಂತಿಯಲ್ಲೂ ಹುಡುಕಿ. ತಂತಿಗಳ ಕ್ರಮ ಬೇಡ, ಐದು, ಎರಡು, ಆರು, ಹೀಗೆ ನೆಗೆಯಿರಿ. ನುಡಿಸೋಕೆ ಮೊದಲು ಹಾಡಿ, ಗಂಟಲು ಕೆಟ್ಟದಾಗಿದ್ದರೂ ಪರವಾಗಿಲ್ಲ. ಉಳಿದ ಸಮಯ ಆಟಮ್ ಲೀವ್ಸ್ ಥರದ ಒಂದೇ ಹಾಡಿನ ಕಾರ್ಡುಗಳನ್ನ ಹಾಕಿಕೊಂಡು, ಪ್ರತಿ ಕಾರ್ಡಿಗೂ ಮೂರನೇ ಸ್ವರ ಮಾತ್ರ ನುಡಿಸಿ. ಒಂದು ವಾರ ಬಿಟ್ಟು ಏಳನೆಯದು. ಸ್ಕೇಲ್ ಪೂರ್ತಿ ಬಿಡಿ ಅಂತ ಹೇಳ್ತಿಲ್ಲ, ಕೈ ಬಿಸಿ ಮಾಡಿಕೊಳ್ಳೋಕೆ ಐದು ನಿಮಿಷ ಇರಲಿ. ಮೊದಲ ಎರಡು ವಾರ ಕಿರಿಕಿರಿ ಆಗುತ್ತೆ, ಮನೆಯವರಿಗಂತೂ ಇದು ಸಂಗೀತ ಅಂತಲೇ ಅನ್ನಿಸೋದಿಲ್ಲ. ಅಪಾರ್ಟ್‌ಮೆಂಟಿನಲ್ಲಿದ್ದರೆ ಆಂಪ್ಲಿಫೈಯರ್ ಹಾಕಬೇಡಿ. ವೆಸ್ ಮಾಂಟ್ಗೋಮರಿ ಹೆಬ್ಬೆರಳಿನಲ್ಲಿ ನುಡಿಸೋ ಅಭ್ಯಾಸ ಬಿದ್ದದ್ದೇ ರಾತ್ರಿ ಅಕ್ಕಪಕ್ಕದವರಿಗೆ ತೊಂದರೆ ಆಗದಿರಲಿ ಅಂತ ಅನ್ನೋ ಮಾತು ಇದೆ.

ಮೊದಲ ಚೀಟಿ ಎಫ್ ಅಂತಲೇ ಇಟ್ಟುಕೊಳ್ಳಿ. ನಾಲ್ಕನೇ ತಂತಿಯದು ಆಗಲೇ ಹೇಳಿದ್ದೀನಿ. ಉಳಿದ ಐದು ತಂತಿಯದು ನಾನು ಹೇಳೋದಿಲ್ಲ, ನೀವೂ ಚಿತ್ರ ನೋಡಬೇಡಿ.