ಸಾಬೀತು ಮಾಡಬೇಕಾದವರು ಯಾರು?

ಸೈನ್ಯಕ್ಕೆ ಸೇರಿಸಿಕೊಳ್ಳುವಾಗ ಅಡಿಯಿಂದ ಮುಡಿವರೆಗೆ ನೋಡಿ 'ಗಟ್ಟಿಮುಟ್ಟು' ಎಂದು ಬರೆದುಕೊಳ್ಳುವವರು ಸರ್ಕಾರದ ಡಾಕ್ಟರುಗಳೇ. ಅದೇ ಹುಡುಗ ಕಾಯಿಲೆ ಹೊತ್ತು ಊರಿಗೆ ಬಂದರೆ, 'ಸೇವೆಯಿಂದ ಬಂದದ್ದಲ್ಲ' ಎಂಬ ಒಂದೇ ಸಾಲಿಗೆ ಅಂಗವೈಕಲ್ಯ ಪಿಂಚಣಿ ಖೋತಾ. ಇದ್ಯಾವ ನ್ಯಾಯ ಎಂದು ಕೇಳುತ್ತೇವೆ.

1985ರಲ್ಲಿ ಸೇರಿದ ಸಿಪಾಯಿ ಧರ್ಮವೀರ್ ಸಿಂಗ್ ಅವರನ್ನು ಮೂರ್ಛೆರೋಗವೆಂದು 1994ರಲ್ಲಿ ಮನೆಗೆ ಕಳಿಸಿದರು, ಪಿಂಚಣಿ ಕೊಡಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು: ಸೇರುವಾಗ ದಾಖಲಾಗದ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆನ್ನುವ ಮೆಡಿಕಲ್ ಬೋರ್ಡ್ ಕಾರಣ ಬರೆಯಬೇಕು, ಸಾಬೀತಿನ ಹೊರೆ ಸೈನಿಕನದಲ್ಲ.

ನಿಮ್ಮೂರಿನ ಮಾಜಿ ಸೈನಿಕರಿಗೆ ತಿರಸ್ಕಾರದ ಪತ್ರ ಬಂದಿದೆಯೇ? ಬೋರ್ಡಿನ ದಾಖಲೆ ತರಿಸಿ, ಕಾರಣ ಹುಡುಕಿ. ಮೇಲ್ಮನವಿಗೂ ಬಗ್ಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಬಾಗಿಲು ತಟ್ಟಿ. ಕೇಳುತ್ತಿರುವುದು ಭಿಕ್ಷೆಯಲ್ಲ, ಹಕ್ಕು.