ಹುಟ್ಟುಹಬ್ಬಕ್ಕ ಶೇಂಗಾ ಹೋಳಿಗೆ ಯಾಕಾಗಬಾರದು?

ಈಗ ನಮ್ಮ ಬಾಗಲವಾಡದಂಥ ಊರಲ್ಲೂ ಹುಟ್ಟುಹಬ್ಬ ಅಂದ್ರ ಕೇಕೇ ಬೇಕು. ಮಾನ್ವಿಯಿಂದ ಬೈಕಿನ ಮ್ಯಾಲೆ ತರೋದ್ರೊಳಗ ಅರ್ಧ ಕ್ರೀಮ್ ಡಬ್ಬಿಗೇ ಹತ್ತಿರ್ತದ. ಹಾಸ್ಟೆಲ್‌ನಾಗಂತೂ ಅದು ಬಾಯಿಗಿಂತ ಮುಖಕ್ಕೇ ಜಾಸ್ತಿ.

ಕೇಕ್ ಅಂದ್ರ ಕ್ರೀಮೇ ಇರಬೇಕಂತೇನಿಲ್ಲ. ನಾರ್ವೆಯವರು ಮದುವೆಗೆ, ಕ್ರಿಸ್‌ಮಸ್‌ಗೆ, ಮೇ 17ರ ತಮ್ಮ ಸಂವಿಧಾನ ದಿನಕ್ಕೆ ಕ್ರಾನ್ಸೆಕಾಕೆ ಮಾಡ್ತಾರ. ಬಾದಾಮಿ ಪುಡಿ, ಸಕ್ಕರೆ, ತತ್ತಿಯ ಬಿಳಿಭಾಗ, ಇಷ್ಟೇ. ಬಳೆಯಂಗ ಬೇಯಿಸಿ, ದೊಡ್ಡದರ ಮ್ಯಾಲೆ ಸಣ್ಣದು ಇಟ್ಟು, ಸಾಮಾನ್ಯವಾಗಿ 18 ಬಳೆಗಳ ಗೋಪುರ ಏರಿಸ್ತಾರ. ಮನೆಯಲ್ಲಿ ಮಾಡೋರಿಗೆ ಅದಕ್ಕಂತನ ಅಚ್ಚು ಸಿಗ್ತಾವ.

ಬಾದಾಮಿ ಜಾಗದಾಗ ಶೇಂಗಾ, ಸಕ್ಕರೆ ಜಾಗದಾಗ ಬೆಲ್ಲ ಇಡ್ರಿ, ನಮ್ಮ ಶೇಂಗಾ ಹೋಳಿಗೆಯ ಹೂರಣ ಆತು! ಶೇಂಗಾ ಹುರಿದು, ಸಿಪ್ಪೆ ತಿಕ್ಕಿ ಕೇರಿ, ಬೆಲ್ಲದ ಜೋಡಿ ಪುಡಿ ಮಾಡಿ, ಕಣಕದಾಗ ತುಂಬಿ ಲಟ್ಟಿಸಿ ಬೇಯಿಸಿದ್ರ ಹೋಳಿಗೆ ಎಂಟು ದಿನ ಆದ್ರೂ ಕೆಡಂಗಿಲ್ಲ. ಹಾಸ್ಟೆಲ್ ಟ್ರಂಕಿಗೆ ಮತ್ತೇನು ಬೇಕು? ಹತ್ತು ಹೋಳಿಗೆ ಒಂದರ ಮ್ಯಾಲೊಂದು ಇಟ್ಟು ಮೇಣದಬತ್ತಿ ಹಚ್ಚಿದ್ರ ಫೋಟೋನೂ ಚಂದ ಬರ್ತದ.

ಆದ್ರ ‘ನಮ್ಮ ತಿಂಡಿ ಉಳಿಸ್ರಿ’ ಅಂತ ಭಾಷಣ ಹೊಡೆಯೋ ಹುಡುಗರು ಎಷ್ಟು ಮಂದಿ ಲಟ್ಟಣಿಗೆ ಹಿಡಿದೀವಿ? ಒಲೆ ಮುಂದ ನಿಲ್ಲೋದು ಅವ್ವ. ಕೇಕ್ ತಂದ್ರ ಆಕಿಗೆ ಅವತ್ತು ಒಂದು ಕೆಲಸ ಕಡಿಮೆ. ರುಚಿಗಿಂತ ಹೆಚ್ಚಾಗಿ ಈ ಕಾರಣಕ್ಕೇ ಬೇಕರಿ ಗೆದ್ದದ ಅಂತ ನನಗನಸ್ತದ. ಹೋಳಿಗೆ ವಾಪಸ್ ಬರಬೇಕಂದ್ರ ಲಟ್ಟಣಿಗೆ ನಮ್ಮ ಕೈಗೆ ಬರಬೇಕು. ಮೊದಲನೇ ಹೋಳಿಗೆ ನಕಾಶೆಯಂಗ ಆಗ್ತದ, ಆಗಲಿ. ಕಲಿಯಾಕ ದೀಪಾವಳಿ ರಜೆ ಸಾಕು.